ಕೈಯಲ್ಲಿದ್ದ ಅಧಿಕಾರವನ್ನು ಹಳ್ಳಿಗೆ ಕೊಟ್ಟ ನಜೀರ್ ಸಾಬ್

ದಾರಿದೀಪ ಕೆಟ್ಟಿತು, ನಲ್ಲಿಯಲ್ಲಿ ನೀರಿಲ್ಲ, ಮನೆ ನಂಬರ್ ಆಗಿಲ್ಲ ಅಂತ ನಾವು ಗ್ರಾಮ ಪಂಚಾಯತಿಗೆ ಓಡುತ್ತೇವೆ. ಸದಸ್ಯ ನಮ್ಮ ಊರಿನವನೇ, ದಾರಿಯಲ್ಲೇ ನಿಲ್ಲಿಸಿ ಕೇಳುತ್ತೇವೆ. ಹೀಗೆ ಕೇಳುವ ಧೈರ್ಯ ನಮಗೆ ಬಂದದ್ದರ ಹಿಂದೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಇದ್ದಾರೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದ ಬರಗಾಲದ ದಿನಗಳವು. ಊರೂರಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದ ಅವರನ್ನು ಜನ ಪ್ರೀತಿಯಿಂದ 'ನೀರ್ ಸಾಬ್' ಅಂತಲೇ ಕರೆದರು.

ಆದರೆ ಬೆಂಗಳೂರಿನಲ್ಲಿ ಕೂತು ಎಷ್ಟು ಊರಿಗೆ ನೀರು ಕೊಡಲಿಕ್ಕಾದೀತು? ಪಂಪು ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ಊರಿನ ಕೆಲಸ ಊರಿನವರ ಕೈಗೇ ಬರಬೇಕು ಎಂಬುದು ಅವರ ನಂಬಿಕೆ. ಅದಕ್ಕಾಗಿ ತಂದ ಕಾನೂನಿಗೆ 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಶಾಸಕರಲ್ಲೇ ಹಲವರಿಗೆ ಇದು ಹಿಡಿಸಲಿಲ್ಲ, ತಮ್ಮ ಹಿಡಿತ ತಪ್ಪೀತು ಎಂಬ ಭಯ. ನಜೀರ್ ಸಾಬ್ ಹಿಂದೆ ಸರಿಯಲಿಲ್ಲ.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ಆಯಿತು. ಕಾಲು ಭಾಗ ಸ್ಥಾನ ಹೆಂಗಸರಿಗೆ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲ ಆರಿಸಿ ಬಂದವರ ಕಣ್ಣೆದುರಿಗೆ ಬಂತು. ಮಾಸ್ಟ್ರು ಶಾಲೆಗೆ ಬರಲಿಲ್ಲವೆಂದರೆ ಕೇಳುವ ಜನ ಪಕ್ಕದಲ್ಲೇ ಇದ್ದರು. ಕೊರತೆ ಇರಲಿಲ್ಲವೆಂದಲ್ಲ. ತಾಲೂಕು ಸಮಿತಿಗಳಿಗೆ ಬಲ ಇರಲಿಲ್ಲ, ಹಣಕ್ಕೆ ಮತ್ತೆ ಬೆಂಗಳೂರನ್ನೇ ನೋಡಬೇಕಿತ್ತು.

ತಾವು ನೆಟ್ಟ ಗಿಡ ಮರವಾಗುವುದನ್ನು ನೋಡಲು ಅವರಿಗೆ ಆಯುಷ್ಯ ಸಿಗಲಿಲ್ಲ. 1988ರ ಅಕ್ಟೋಬರ್ 24ರಂದು ಕ್ಯಾನ್ಸರ್‌ನಿಂದ ತೀರಿಹೋದರು. 1992ರಲ್ಲಿ ಪಂಚಾಯತಿಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಕೊಟ್ಟ ಅಧಿಕಾರವನ್ನು ವಾಪಸ್ ಕಿತ್ತುಕೊಳ್ಳುವುದು ಎಷ್ಟು ಸುಲಭ ಅಂತ ಆಗ ಗೊತ್ತಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಕರ್ನಾಟಕದ ಅನುಭವ ಅದಕ್ಕೆ ದಾರಿ ತೋರಿಸಿತ್ತು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇವತ್ತು ನಜೀರ್ ಸಾಬ್ ಅವರದೇ ಹೆಸರು.

ಕುರ್ಚಿ ಸಿಕ್ಕಿದವರು ಅಧಿಕಾರವನ್ನು ಕೂಡಿಹಾಕುವುದನ್ನು ನಾವು ನೋಡಿದ್ದೇವೆ, ಅದನ್ನು ಹಂಚಿಬಿಟ್ಟವರು ಕಡಿಮೆ. ಆದರೆ ನಮ್ಮೂರಲ್ಲಿ ಗ್ರಾಮಸಭೆ ಕರೆದ ದಿನ ನಮ್ಮ ಮನೆಗಳಿಂದ ಎಷ್ಟು ಜನ ಹೋಗುತ್ತೇವೆ? ಮನೆಯ ಹೆಂಗಸರನ್ನು ಕರೆದುಕೊಂಡು ಹೋಗುತ್ತೇವಾ? ಕುರ್ಚಿ ಖಾಲಿ ಬಿಟ್ಟು, ಆಮೇಲೆ ಕೆಲಸ ಆಗಿಲ್ಲ ಅಂತ ದೂರಿದರೆ ಏನು ಪ್ರಯೋಜನ? ಅವರು ಹಳ್ಳಿಗೆ ತಂದುಕೊಟ್ಟದ್ದನ್ನು ಉಳಿಸಿಕೊಳ್ಳುವುದು ಈಗ ನಮ್ಮ ಕೈಯಲ್ಲೇ ಇದೆ.