ಶಾಲೆಯಿಲ್ಲದ ಗುರು

ಗುರು ಎಂದೊಡನೆ ನಮ್ಮ ಕಣ್ಣ ಮುಂದೆ ಕರಿಹಲಗೆ, ಬೆಂಚುಗಳ ಸಾಲು, ಗಂಟೆಯ ಸದ್ದು ಇವೆಲ್ಲ ಮೂಡುತ್ತವೆ. ಇವಾವುವೂ ಇಲ್ಲದೆ, ಕತ್ತಲು ತುಂಬಿದ ಒಂದು ಕೋಣೆ, ಒಂದು ಬಿಳಿಯ ಪರದೆ ಮತ್ತು ಒಂದು ಪ್ರೊಜೆಕ್ಟರ್ ಯಂತ್ರ, ಇಷ್ಟರಿಂದಲೇ ಒಂದು ಪೀಳಿಗೆಯ ತರುಣರಿಗೆ ಪಾಠ ಹೇಳಿದ ಮಹನೀಯರೊಬ್ಬರು ಫ್ರಾನ್ಸ್ ದೇಶದಲ್ಲಿದ್ದರು. ಅವರೇ ಆಂದ್ರೆ ಬಜಾನ್. ಅವರು ನಟರಲ್ಲ, ಪ್ರಸಿದ್ಧ ಚಿತ್ರಗಳನ್ನು ನಿರ್ದೇಶಿಸಿದವರೂ ಅಲ್ಲ. ಆದರೂ ಚಲನಚಿತ್ರ ಕಲೆಯ ಇತಿಹಾಸವನ್ನು ಬರೆಯುವವರು ಅವರ ಹೆಸರನ್ನು ಬಿಟ್ಟು ಮುಂದೆ ಸಾಗಲಾರರು.

ಬಜಾನರು 1918ರ ಏಪ್ರಿಲ್ 18ರಂದು ಫ್ರಾನ್ಸಿನ ಆಂಜೆ ಎಂಬ ಪಟ್ಟಣದಲ್ಲಿ ಜನಿಸಿದರು. ಅವರ ಬಾಲ್ಯ ಕಳೆದದ್ದು ಅಟ್ಲಾಂಟಿಕ್ ಸಾಗರದ ತೀರದಲ್ಲಿರುವ ಲಾ ರೊಶೆಲ್ ಎಂಬ ಬಂದರು ಪಟ್ಟಣದಲ್ಲಿ. ಓದಿನಲ್ಲಿ ಅವರಿಗೆ ಅಪಾರವಾದ ಆಸಕ್ತಿ. ಪ್ರಾಣಿಪಕ್ಷಿಗಳೆಂದರೆ ಎಲ್ಲಿಲ್ಲದ ಅಕ್ಕರೆ. ಉಪಾಧ್ಯಾಯನಾಗಬೇಕೆಂಬುದೇ ಅವರ ಜೀವನದ ಗುರಿಯಾಗಿತ್ತು. ಅದಕ್ಕಾಗಿ ಶ್ರದ್ಧೆಯಿಂದ ವ್ಯಾಸಂಗ ಮಾಡಿ, 1938ರಲ್ಲಿ ಪ್ಯಾರಿಸ್ ನಗರದ ಸಮೀಪದ ಸ್ಯಾಂ ಕ್ಲೂ ಎಂಬಲ್ಲಿದ್ದ ಉನ್ನತ ಶಿಕ್ಷಕರ ವಿದ್ಯಾಲಯವನ್ನು ಸೇರಿದರು. ಅಲ್ಲಿ ಪ್ರವೇಶ ಪಡೆಯುವುದು ಸುಲಭದ ಮಾತಾಗಿರಲಿಲ್ಲ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಇತರ ತರುಣರಂತೆ ಬಜಾನರೂ ಸೈನ್ಯಕ್ಕೆ ಸೇರಬೇಕಾಯಿತು. 1940ರ ಜೂನ್ ತಿಂಗಳಲ್ಲಿ ಜರ್ಮನ್ ಸೈನ್ಯವು ಪ್ಯಾರಿಸ್ಸನ್ನು ವಶಪಡಿಸಿಕೊಂಡಿತು. ಸೈನ್ಯದಿಂದ ಮರಳಿದ ಬಜಾನರು ತಮ್ಮ ವ್ಯಾಸಂಗವನ್ನು ಮುಗಿಸಿದರು. ಆದರೆ 1941ರಲ್ಲಿ ಅವರ ಬಾಳಿನ ಅತಿ ದೊಡ್ಡ ನಿರಾಶೆ ಎದುರಾಯಿತು. ಅವರಿಗೆ ಮೊದಲಿನಿಂದಲೂ ಉಗ್ಗು ಇತ್ತು. ಮಾತು ತಡವರಿಸುವವನು ತರಗತಿಯಲ್ಲಿ ಪಾಠ ಹೇಳಲಾರನೆಂಬ ಕಾರಣದಿಂದ ಅವರಿಗೆ ಶಿಕ್ಷಕನ ಹುದ್ದೆ ದೊರೆಯಲಿಲ್ಲ. ವರ್ಷಗಟ್ಟಲೆ ಕಂಡ ಕನಸು ನುಚ್ಚುನೂರಾಯಿತು. ಆಗ ಅವರಿಗೆ ಇನ್ನೂ ಇಪ್ಪತ್ತಮೂರು ವರ್ಷ.

ಯುದ್ಧದಿಂದಾಗಿ ಓದು ಕೆಟ್ಟ ವಿದ್ಯಾರ್ಥಿಗಳ ನೆರವಿಗೆಂದು ಆ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ಸಾಹಿತ್ಯ ಮಂದಿರವೆಂಬ ಸಂಸ್ಥೆಯೊಂದು ನಡೆಯುತ್ತಿತ್ತು. ಬಜಾನರು ಅಲ್ಲಿ ಸೇರಿ, 1942ರ ಸುಮಾರಿಗೆ ಗೆಳೆಯರೊಂದಿಗೆ ವಿದ್ಯಾರ್ಥಿಗಳ ಚಲನಚಿತ್ರ ಸಂಘವೊಂದನ್ನು ಆರಂಭಿಸಿದರು. ಚಲನಚಿತ್ರವೆಂದರೆ ಹೊತ್ತು ಕಳೆಯುವ ವಿನೋದ ಮಾತ್ರವೆಂದು ವಿದ್ಯಾವಂತರು ಮೂಗು ಮುರಿಯುತ್ತಿದ್ದ ಕಾಲ ಅದು. ಅದನ್ನು ಕಾವ್ಯದಂತೆ, ಚಿತ್ರಕಲೆಯಂತೆ ಗಂಭೀರವಾಗಿ ಅಭ್ಯಾಸ ಮಾಡಬೇಕೆಂಬುದು ಬಜಾನರ ನಿಲುವಾಗಿತ್ತು.

ಸಂಘವನ್ನು ನಡೆಸುವುದು ಸಾಮಾನ್ಯ ಕೆಲಸವಾಗಿರಲಿಲ್ಲ. ಪರಕೀಯರ ಆಳ್ವಿಕೆಯಲ್ಲಿ ಅಮೆರಿಕದ ಚಿತ್ರಗಳಿಗೆ ನಿಷೇಧವಿತ್ತು. ಹಳೆಯ ಮೂಕಿ ಚಿತ್ರಗಳ ಸುರುಳಿಗಳನ್ನು ಎಲ್ಲಿಂದಲೋ ಹುಡುಕಿ ತರಬೇಕಾಗಿತ್ತು. ನಿಷೇಧಕ್ಕೊಳಗಾದ ಚಿತ್ರಗಳನ್ನು ತೋರಿಸುವುದೆಂದರೆ ಅಪಾಯವನ್ನು ಮನೆಬಾಗಿಲಿಗೆ ಕರೆದಂತೆಯೇ ಆಗಿತ್ತು. ಆದರೂ ಸಂಘ ನಡೆಯಿತು. ಚಿತ್ರ ಆರಂಭವಾಗುವ ಮುನ್ನ ಬಜಾನರು ಅದರ ಪರಿಚಯ ಮಾಡಿಕೊಡುತ್ತಿದ್ದರು. ಮುಗಿದ ಮೇಲೆ ದೀಪ ಹೊತ್ತಿಸಿ ಚರ್ಚೆಯನ್ನು ನಡೆಸುತ್ತಿದ್ದರು. ಉಗ್ಗು ಅವರನ್ನು ಬಿಟ್ಟು ಹೋಗಲಿಲ್ಲ. ಉಗ್ಗಿಗಾಗಿ ಅವರು ಮಾತನ್ನೂ ಬಿಡಲಿಲ್ಲ. ಶಾಲೆಯ ಬಾಗಿಲು ಮುಚ್ಚಿದವರಿಗೆ ಸಂಘದ ಬಾಗಿಲು ತೆರೆಯಿತು. ಮುಂದೆ ಪ್ರಸಿದ್ಧ ನಿರ್ದೇಶಕನಾದ ಅಲೆನ್ ರೆನೆ ಆ ದಿನಗಳಲ್ಲಿಯೇ ಅವರಿಗೆ ಗೆಳೆಯನಾದನು.

ಯುದ್ಧ ಮುಗಿದ ಬಳಿಕ ಬಜಾನರ ಕಾರ್ಯಕ್ಷೇತ್ರ ವಿಸ್ತಾರವಾಯಿತು. ಪತ್ರಿಕೆಗಳಿಗೆ ಚಿತ್ರವಿಮರ್ಶೆಗಳನ್ನು ಬರೆಯುತ್ತಲೇ, ದುಡಿಯುವ ಜನರಿಗೆ ಕಲೆಯನ್ನು ತಲುಪಿಸುವ ಸಂಸ್ಥೆಯೊಂದರಲ್ಲಿ ಅವರು ಚಲನಚಿತ್ರ ವಿಭಾಗದ ಹೊಣೆ ಹೊತ್ತರು. ಕಾರ್ಖಾನೆಗಳ ಕಾರ್ಮಿಕರು, ವಿದ್ಯಾರ್ಥಿಗಳು, ಹಳ್ಳಿಯ ಜನರು, ಯಾರು ಕರೆದರೂ ಪ್ರೊಜೆಕ್ಟರಿನೊಂದಿಗೆ ಹೋಗಿ ಚಿತ್ರ ತೋರಿಸಿ ಮಾತನಾಡಿದರು. ಮಾರ್ಸೆಲ್ ಕಾರ್ನೆಯವರು 1939ರಲ್ಲಿ ನಿರ್ದೇಶಿಸಿದ ಚಿತ್ರವೊಂದನ್ನು ಅವರು ಹೀಗೆ ಅನೇಕ ಸಲ ತೋರಿಸಿದರು. ಕೊಲೆ ಮಾಡಿದ ಕಾರ್ಮಿಕನೊಬ್ಬನು ಮಾಳಿಗೆಯ ಕೋಣೆಯ ಬಾಗಿಲು ಹಾಕಿಕೊಂಡು ಒಂದು ರಾತ್ರಿಯನ್ನು ಕಳೆಯುವ ಕಥೆ ಅದು. ಆ ಕೋಣೆಯಲ್ಲಿದ್ದ ವಸ್ತುಗಳು ಯಾವುವು, ಅವು ಆ ಮನುಷ್ಯನ ಬಾಳಿನ ಬಗೆಗೆ ಏನನ್ನು ತಿಳಿಸುತ್ತವೆ ಎಂದು ಪ್ರೇಕ್ಷಕರ ಗಮನವನ್ನು ಬಜಾನರು ಅತ್ತ ಸೆಳೆಯುತ್ತಿದ್ದರು. ಕಣ್ಣಿಗೆ ಬಿದ್ದೂ ಮನಸ್ಸಿಗೆ ಬೀಳದಿದ್ದ ಸಂಗತಿಗಳು ಆಗ ಒಂದೊಂದಾಗಿ ಅರ್ಥವನ್ನು ಪಡೆಯುತ್ತಿದ್ದವು.

ಅವರ ಸಿದ್ಧಾಂತವೂ ಈ ಬೋಧನ ಕ್ರಮಕ್ಕೆ ಹೊಂದುವಂಥದು. ದೃಶ್ಯಗಳನ್ನು ತುಂಡುತುಂಡಾಗಿ ಕತ್ತರಿಸಿ ಜೋಡಿಸಿ ನೋಡುಗನ ಕಣ್ಣನ್ನು ಎಳೆದಾಡುವುದಕ್ಕಿಂತ, ಒಂದು ದೃಶ್ಯವನ್ನು ಇಡಿಯಾಗಿ ದೀರ್ಘಕಾಲ ತೋರಿಸುವುದು ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಹಾಗೆ ತೋರಿಸಿದಾಗ ಯಾವುದನ್ನು ನೋಡಬೇಕೆಂಬುದನ್ನು ನೋಡುಗನೇ ಆರಿಸಿಕೊಳ್ಳುತ್ತಾನೆ. ನೋಡುಗನಲ್ಲಿ ಬುದ್ಧಿಯಿದೆ, ಅವನನ್ನು ನಂಬಬೇಕು ಎಂಬುದೇ ಇದರ ಸಾರ. ಜನರನ್ನು ನಂಬುವ ಈ ಗುಣವೇ ಅವರ ಸ್ನೇಹಗಳಿಗೂ ಮೂಲವಾಯಿತು.

ಅಂತಹ ಸ್ನೇಹಗಳಲ್ಲಿ ಫ್ರಾನ್ಸ್ವಾ ತ್ರೂಫೊ ಎಂಬ ಬಾಲಕನ ಕಥೆ ಮನಕರಗಿಸುವಂಥದು. 1932ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವನಿಗೆ ಮನೆಯಲ್ಲಿ ಪ್ರೀತಿ ದೊರೆಯಲಿಲ್ಲ. ಹದಿನಾಲ್ಕನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟನು. ಕದ್ದುಮುಚ್ಚಿ ಸಿನಿಮಾ ನೋಡುವುದೊಂದೇ ಅವನ ಸುಖ. 1948ರಲ್ಲಿ, ಇನ್ನೂ ಹದಿನಾರು ವರ್ಷದವನಾಗಿದ್ದಾಗ, ಗೆಳೆಯನೊಬ್ಬನನ್ನು ಜೊತೆಗೂಡಿಸಿಕೊಂಡು ತಾನೇ ಒಂದು ಚಲನಚಿತ್ರ ಸಂಘವನ್ನು ಕಟ್ಟಿದನು. ಅವನ ಪ್ರದರ್ಶನದ ಹೊತ್ತಿಗೇ ಬಜಾನರ ಸಂಘದ ಪ್ರದರ್ಶನವೂ ನಡೆಯುತ್ತಿತ್ತು. ಹುಡುಗನು ನೇರವಾಗಿ ಬಜಾನರ ಬಳಿಗೆ ಹೋಗಿ, ಅವರು ತಮ್ಮ ಪ್ರದರ್ಶನದ ವೇಳೆಯನ್ನು ಬದಲಾಯಿಸಬೇಕೆಂದು ಕೇಳಿದನು. ಬೇರೊಬ್ಬರಾಗಿದ್ದರೆ ಗದರಿಸಿ ಕಳುಹಿಸುತ್ತಿದ್ದರೇನೋ. ಬಜಾನರು ಅವನೊಡನೆ ಸಿನಿಮಾದ ಬಗ್ಗೆ ಮಾತಿಗೆ ತೊಡಗಿದರು. ಜಗಳಕ್ಕೆ ಬಂದಂತಿದ್ದವನು ಗೆಳೆಯನಾಗಿ ಹಿಂದಿರುಗಿದನು.

ತ್ರೂಫೊನ ಸಂಘ ಬಹುಕಾಲ ಬಾಳಲಿಲ್ಲ. ಅದರ ಖರ್ಚಿಗಾಗಿ ಅವನು ಸಾಲ ಮಾಡಿದನು, ಕಳ್ಳತನಕ್ಕೂ ಕೈಹಾಕಿದನು. ಸಿಟ್ಟಿಗೆದ್ದ ಮಲತಂದೆ ಅವನನ್ನು ಪೋಲೀಸರಿಗೆ ಒಪ್ಪಿಸಿದನು. ಹುಡುಗನನ್ನು ಬಾಲಾಪರಾಧಿಗಳ ಕೇಂದ್ರದಲ್ಲಿ ಇರಿಸಲಾಯಿತು. ಹೆತ್ತವರೇ ಕೈಬಿಟ್ಟ ಆ ಹೊತ್ತಿನಲ್ಲಿ ಕೈಹಿಡಿದವರು, ಕೆಲವೇ ದಿನಗಳ ಪರಿಚಯದ ಬಜಾನರು. ಅವರು ಅಧಿಕಾರಿಗಳನ್ನು ಕಂಡು ಹುಡುಗನ ಪರವಾಗಿ ಮಾತನಾಡಿದರು. ಅವನಿಗೆ ಉದ್ಯೋಗ ಕೊಡುವುದಾಗಿ ಭರವಸೆಯಿತ್ತರು. 1949ರಲ್ಲಿ ಬಿಡುಗಡೆಯಾದ ಅವನನ್ನು ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. ಮುಂದೆ ಅವನು ದುಡುಕಿ ಸೈನ್ಯಕ್ಕೆ ಸೇರಿ, ಅಲ್ಲಿಂದ ತಪ್ಪಿಸಿಕೊಂಡು ಸೆರೆಮನೆಯ ಪಾಲಾದಾಗಲೂ ಬಜಾನರೇ ಓಡಾಡಿ ಬಿಡಿಸಿದರು. ಬಜಾನರೂ ಅವರ ಪತ್ನಿ ಜನೀನರೂ ಅವನಿಗೆ ತಮ್ಮ ಮನೆಯಲ್ಲಿಯೇ ಆಶ್ರಯ ಕೊಟ್ಟರು. ಆಗ ಬಜಾನರ ದೇಹಸ್ಥಿತಿ ಸ್ವತಃ ಚೆನ್ನಾಗಿರಲಿಲ್ಲ; ಕ್ಷಯರೋಗಕ್ಕೆ ಚಿಕಿತ್ಸೆ ಪಡೆದು ಬಂದವರು ಅವರು.

1951ರಲ್ಲಿ ಬಜಾನರು ಗೆಳೆಯರೊಂದಿಗೆ ಚಲನಚಿತ್ರ ಕಲೆಗೇ ಮೀಸಲಾದ ಕಾಯೆ ದು ಸಿನೆಮಾ ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿದರು. ಪ್ಯಾರಿಸ್ಸಿನ ಚಿತ್ರಸಂಘಗಳಲ್ಲಿ ಪರಸ್ಪರ ಪರಿಚಯವಾಗಿದ್ದ ತ್ರೂಫೊ, ಗೊದಾರ್, ರಿವೆತ್, ರೋಮೇರ್ ಮುಂತಾದ ತರುಣರು ಅದರ ಲೇಖಕರಾದರು. ಒಬ್ಬ ಒಳ್ಳೆಯ ನಿರ್ದೇಶಕ ಮಾಡಿದ ಚಿತ್ರಗಳೆಲ್ಲವೂ ಒಳ್ಳೆಯವೇ ಎಂಬ ಧೋರಣೆ ಆ ತರುಣರಲ್ಲಿ ಬಲವಾಗಿತ್ತು. ಬಜಾನರಿಗೆ ಅದು ಒಪ್ಪಿಗೆಯಾಗಲಿಲ್ಲ. 1957ರಲ್ಲಿ ಅದೇ ಪತ್ರಿಕೆಯಲ್ಲಿ ಅವರು ತಮ್ಮ ಭಿನ್ನಾಭಿಪ್ರಾಯವನ್ನು ಕಾರಣಸಹಿತವಾಗಿ ಬರೆದರು. ಆದರೆ ಅದರಿಂದ ಪತ್ರಿಕೆ ಒಡೆಯಲಿಲ್ಲ, ಸ್ನೇಹವೂ ಕೆಡಲಿಲ್ಲ. ವಾದ ಮಾಡಿಯೂ ಜೊತೆಯಲ್ಲಿ ಉಳಿಯುವ ಪಾಠವನ್ನು ಅವರೆಲ್ಲರೂ ಸಂಘದ ಚರ್ಚೆಗಳಲ್ಲಿ ಕಲಿತಿದ್ದರು.

ಭಾರತೀಯರಾದ ನಾವು ನೆನೆಯಬೇಕಾದ ಸಂಗತಿಯೂ ಒಂದುಂಟು. ಕಲ್ಕತ್ತೆಯಲ್ಲಿ 1947ರಲ್ಲಿ ಗೆಳೆಯರೊಡನೆ ಚಲನಚಿತ್ರ ಸಂಘವನ್ನು ಕಟ್ಟಿದ್ದ ಸತ್ಯಜಿತ್ ರಾಯ್ ಅವರ ಮೊದಲ ಚಿತ್ರ ಪಥೇರ್ ಪಾಂಚಾಲಿ, 1956ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋಗಿತ್ತು. ಅದರ ಪ್ರದರ್ಶನಕ್ಕೆ ಬಂದವರು ಕೆಲವರೇ. ಅದನ್ನು ಮತ್ತೊಮ್ಮೆ ತೋರಿಸಬೇಕೆಂದು ಒತ್ತಾಯಪಡಿಸಿದ ವಿಮರ್ಶಕರಲ್ಲಿ ಬಜಾನರೂ ಒಬ್ಬರು. ಆ ಚಿತ್ರಕ್ಕೆ ಅತ್ಯುತ್ತಮ ಮಾನವೀಯ ದಾಖಲೆ ಎಂಬ ಪ್ರಶಸ್ತಿ ಲಭಿಸಿತು.

ಬಜಾನರಿಗೆ ಆಗಲೇ ರಕ್ತದ ಕ್ಯಾನ್ಸರ್ ತಗುಲಿತ್ತು. ದೇಹ ಸೋಲುತ್ತಿದ್ದರೂ ಬರವಣಿಗೆ ನಿಲ್ಲಲಿಲ್ಲ. 1958ರ ನವೆಂಬರ್ 10ರಂದು ತ್ರೂಫೊ ತನ್ನ ಮೊದಲ ದೀರ್ಘ ಚಿತ್ರದ ಚಿತ್ರೀಕರಣವನ್ನು ಆರಂಭಿಸಿದನು. ಪ್ರೀತಿ ಕಾಣದ ಹುಡುಗನೊಬ್ಬನು ಶಾಲೆ ತಪ್ಪಿಸಿ, ಕಳ್ಳತನ ಮಾಡಿ, ಬಾಲಾಪರಾಧಿಗಳ ಕೇಂದ್ರವನ್ನು ಸೇರುವ ಕಥೆ ಅದು; ಬಹುಮಟ್ಟಿಗೆ ಅವನದೇ ಕಥೆ. ಮೊದಲ ದಿನದ ಕೆಲಸವನ್ನು ಮುಗಿಸಿದವನೇ ಅವನು ಗುರುವಿನ ಹಾಸಿಗೆಯ ಬಳಿಗೆ ಧಾವಿಸಿದನು. ನವೆಂಬರ್ 11ರಂದು ಬಜಾನರು ಕೊನೆಯುಸಿರೆಳೆದರು. ಅವರಿಗೆ ಆಗ ನಲವತ್ತು ವರ್ಷ. ಶಿಷ್ಯನ ಚಿತ್ರದ ಒಂದು ದೃಶ್ಯವನ್ನಾದರೂ ನೋಡುವ ಯೋಗ ಅವರಿಗೆ ಬರಲಿಲ್ಲ.

ಆ ಚಿತ್ರವನ್ನು ತ್ರೂಫೊ ಬಜಾನರ ನೆನಪಿಗೆ ಅರ್ಪಿಸಿದನು. 1959ರ ಕಾನ್ ಉತ್ಸವದಲ್ಲಿ ಅದಕ್ಕಾಗಿ ಅವನಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದಿತು. ಬಜಾನರ ಲೇಖನಗಳು, ಚಲನಚಿತ್ರವೆಂದರೇನು ಎಂಬ ಅರ್ಥದ ಹೆಸರಿನಲ್ಲಿ, 1958ರಿಂದ 1962ರವರೆಗೆ ನಾಲ್ಕು ಸಂಪುಟಗಳಾಗಿ ಪ್ರಕಟವಾದವು. ಅವರ ಸುತ್ತ ಬೆಳೆದ ತರುಣರ ಚಿತ್ರಗಳು ಹೊಸ ಅಲೆಯೆಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಪ್ರಖ್ಯಾತವಾದವು.

ಮಾತು ತಡವರಿಸುತ್ತದೆಂದು ಬಜಾನರಿಗೆ ಒಂದು ತರಗತಿಯನ್ನೂ ಒಪ್ಪಿಸಲಿಲ್ಲ. ಅವರು ಅದಕ್ಕಾಗಿ ಕೊರಗುತ್ತ ಕೂರಲಿಲ್ಲ. ತಮಗೆ ತಿಳಿದುದನ್ನು ಹಂಚಿಕೊಳ್ಳಲು ಒಂದು ಕತ್ತಲ ಕೋಣೆಯನ್ನು ಹುಡುಕಿಕೊಂಡರು. ಅಲ್ಲಿಗೆ ಬಂದವರನ್ನು ಗೆಳೆಯರನ್ನಾಗಿ ಮಾಡಿಕೊಂಡರು. ಆ ಗೆಳೆಯರು ಕಷ್ಟದಲ್ಲಿ ಬಿದ್ದಾಗ ಕೈಬಿಡಲಿಲ್ಲ. ಅವರು ನಡೆಸಿದ ಸಂಘಗಳು ಇಂದು ಉಳಿದಿಲ್ಲ. ಅಲ್ಲಿ ಹುಟ್ಟಿದ ಸ್ನೇಹದ ಫಲ ಮಾತ್ರ, ದೀಪವಾರಿಸಿ ಪರದೆಯನ್ನು ಬೆಳಗಿಸಿದಾಗಲೆಲ್ಲ, ಇಂದಿಗೂ ನಮ್ಮ ಕಣ್ಣ ಮುಂದೆ ಮೂಡುತ್ತದೆ.