ಕಪ್ಪುಕುಳಿಯ ನಾದ ಲೆಕ್ಕ ಹಾಕಿದ ಕನ್ನಡಿಗ

ನಮ್ಮ ಮಸಗುಪ್ಪಿಯ ಗುಡಿಯಲ್ಲಿ ಮುಂಜಾನೆ ಗಂಟೆ ಬಾರಿಸಿದರೆ ಆ ನಾದ ಒಮ್ಮೆಲೇ ನಿಲ್ಲುವುದಿಲ್ಲ. ಸಣ್ಣದಾಗುತ್ತ ಹೋಗಿ ಮೌನವಾಗುತ್ತದೆ. ಗಂಟೆ ದೊಡ್ಡದೋ ಚಿಕ್ಕದೋ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಬೆಳಕನ್ನೂ ಹೊರಬಿಡದ ಕಪ್ಪುಕುಳಿ ಕೂಡ ಪೆಟ್ಟು ಬಿದ್ದರೆ ಹೀಗೆಯೇ ಮಿಡಿಯುತ್ತದೆ ಎಂದು ತೋರಿಸಿಕೊಟ್ಟವರು ನಮ್ಮದೇ ನಾಡಿನ ವಿಜ್ಞಾನಿ ಸಿ.ವಿ. ವಿಶ್ವೇಶ್ವರ.

1938ರ ಮಾರ್ಚ್ 6ರಂದು ಬೆಂಗಳೂರಿನಲ್ಲಿ ಜನಿಸಿದ ಅವರು ಸಾಹಿತಿ ಸಿ.ಕೆ. ವೆಂಕಟರಾಮಯ್ಯ ಅವರ ಮಗ. ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ಸೇರಿದಾಗ 'ಬ್ಲ್ಯಾಕ್ ಹೋಲ್' ಎಂಬ ಹೆಸರೂ ಇನ್ನೂ ಬಳಕೆಗೆ ಬಂದಿರಲಿಲ್ಲ. ಅಂಥದ್ದೊಂದು ನಿಜಕ್ಕೂ ಇದೆಯೇ ಎಂಬುದೇ ಹಲವರ ಅನುಮಾನವಾಗಿತ್ತು.

ಅವರು ಕೇಳಿಕೊಂಡ ಪ್ರಶ್ನೆ ಸರಳ. ಕಪ್ಪುಕುಳಿಯನ್ನು ಸ್ವಲ್ಪ ಅಲುಗಾಡಿಸಿದರೆ ಅದು ಚೂರಾಗುತ್ತದೆಯೇ, ಇಲ್ಲವೇ ಸುಧಾರಿಸಿಕೊಂಡು ಉಳಿಯುತ್ತದೆಯೇ? ಉಳಿಯುತ್ತದೆ ಎಂದಿತು ಅವರ ಗಣಿತ. ಹಾಗಾದರೆ ಕಾಣದ ಅದನ್ನು ಗುರುತಿಸುವುದು ಹೇಗೆ? ಅದರತ್ತ ಅಲೆ ಕಳುಹಿಸಿ, ಏನು ಮರಳುತ್ತದೆ ಎಂದು ಕಂಪ್ಯೂಟರ್ ಲೆಕ್ಕದಲ್ಲಿ ನೋಡಿದರು. ಅಗಲವಾದ ಅಲೆಯಿಂದ ವಿಶೇಷವೇನೂ ಸಿಗಲಿಲ್ಲ. ಅಲೆಯನ್ನು ಕಿರಿದಾಗಿಸುತ್ತ ಹೋದಂತೆ, ಕಂಪಿಸುತ್ತ ಕ್ಷೀಣಿಸುವ ಮಿಡಿತ ಕಾಣಿಸಿಕೊಂಡಿತು. ಅದೇ ಕಪ್ಪುಕುಳಿಯ ಗುರುತು. ಮಿಡಿತದ ವೇಗ ಮತ್ತು ಅದು ಕುಗ್ಗುವ ಪರಿ ಕಪ್ಪುಕುಳಿ ಎಷ್ಟು ಭಾರವಿದೆ ಎಂಬುದನ್ನು ಹೇಳುತ್ತವೆ. 1970ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಆ ಮಿಡಿತವನ್ನು ಹಿಡಿಯಬಲ್ಲ ಉಪಕರಣ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ವಿಶ್ವೇಶ್ವರ ಕಾಯುತ್ತ ಕೂರಲಿಲ್ಲ. ತಾಯ್ನಾಡಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಗಳಲ್ಲಿ ದುಡಿದರು. 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಮಕ್ಕಳಿಗೆ ಆಕಾಶ ತೋರಿಸಿದರು, ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ತರಗತಿ ನಡೆಸಿದರು. ವ್ಯಂಗ್ಯಚಿತ್ರ ಬರೆಯುವ ಹವ್ಯಾಸವೂ ಅವರಿಗಿತ್ತು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯಗಳಿಗೆ ಒಂದು ಗುರುತ್ವ ಅಲೆ ಬಂದು ತಟ್ಟಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ಭಾರದ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯ ಶಕ್ತಿಯಾಗಿ ಹರಿದುಹೋಗಿತ್ತು. ಇಷ್ಟಾದರೂ ಇಲ್ಲಿ 4 ಕಿ.ಮೀ. ಉದ್ದದ ತೋಳುಗಳು ಅಲುಗಿದ್ದು ಪ್ರೋಟಾನಿನ ಗಾತ್ರಕ್ಕಿಂತಲೂ ಎಷ್ಟೋ ಪಾಲು ಕಡಿಮೆ! ಆ ಸಂಕೇತದ ಕೊನೆಯಲ್ಲಿ, ಹೊಸ ಕಪ್ಪುಕುಳಿ ಕಂಪಿಸಿ ಶಾಂತವಾಗುವಾಗ ಮೂಡಿದ್ದು ವಿಶ್ವೇಶ್ವರರು 45 ವರ್ಷ ಹಿಂದೆ ಕಂಡಿದ್ದ ಅದೇ ಬಗೆಯ ಕ್ಷೀಣಿಸುವ ಮಿಡಿತ.

2016ರ ಫೆಬ್ರುವರಿ 11ರಂದು ಈ ಸುದ್ದಿ ಹೊರಬಿದ್ದಾಗ ಅವರು ನಮ್ಮೊಂದಿಗಿದ್ದರು. ಹನ್ನೊಂದು ತಿಂಗಳ ನಂತರ, 2017ರ ಜನವರಿ 16ರಂದು ಅಗಲಿದರು. ಫಲ ಕಾಣುವ ಭಾಗ್ಯ ಕೂದಲೆಳೆಯಲ್ಲಿ ಒದಗಿತ್ತು.

ಪರೀಕ್ಷೆ ಬರೆದ ಮರುದಿನವೇ ಫಲಿತಾಂಶ ಬಯಸುವವರು ನಾವು. ಅವರ ಉತ್ತರಪತ್ರಿಕೆಯ ಮೌಲ್ಯಮಾಪನಕ್ಕೆ 45 ವರ್ಷ ಹಿಡಿಯಿತು. ಈಗ ಲೈಗೊ-ಇಂಡಿಯಾಕ್ಕಾಗಿ ನೆರೆಯ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಜಾಗ ಗೊತ್ತಾಗಿದೆ. ನಾಳೆ ಅಲ್ಲಿ ಕಿವಿಗೊಟ್ಟು ಕೂರುವವರಲ್ಲಿ ನಮ್ಮ ಹಳ್ಳಿಗಳ ಹುಡುಗ, ಹುಡುಗಿಯರೂ ಯಾಕಿರಬಾರದು?