ಅಬಕಾರಿ ಕಮಿಷನರ್ ಮಾಸ್ತಿ

ಜ್ಞಾನಪೀಠ ಪುರಸ್ಕೃತರ ಭಾವಚಿತ್ರಗಳನ್ನು ನಾವೆಲ್ಲ ಶಾಲೆಯಲ್ಲೇ ನೋಡಿದವರು. ಅವರಲ್ಲಿ ಪೇಟ ಧರಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಾವ್ಯನಾಮ ‘ಶ್ರೀನಿವಾಸ’ ಎಂದು ಬರೆದು ಒಂದು ಅಂಕ ಗಿಟ್ಟಿಸಿದ್ದೂ ಉಂಟು. ಅವರು ಸುಮಾರು ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವರೆಂದು ನನಗೆ ತಿಳಿದದ್ದು ನಾನೇ ನೌಕರಿಗೆ ಸೇರಿದ ಮೇಲೆ.

ಹುಟ್ಟಿದ್ದು 1891ರ ಜೂನ್ 6ರಂದು, ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಮನೆಮಾತು ತಮಿಳು. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಎಂ.ಎ. ಪಡೆದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಸಿಸ್ಟೆಂಟ್ ಕಮಿಷನರ್ ಆದರು. ಇಂಗ್ಲಿಷ್ ಸಾಹಿತ್ಯ ಓದಿದವರ ಮುಂದೆ ಬಂದದ್ದು ಕಂದಾಯದ ಲೆಕ್ಕ, ಕಡತ, ಊರೂರು ಸುತ್ತುವ ಸರ್ಕೀಟು. ಮುಂದೆ ಅಬಕಾರಿ ಕಮಿಷನರ್ ಹುದ್ದೆ, ಅಂದರೆ ಹೆಂಡ ಸಾರಾಯಿಯ ವರಮಾನದ ಉಸ್ತುವಾರಿ!

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬಿ.ಇ. ಮುಗಿಸಿ ಸೇರಿದ ಮೊದಲ ಕಂಪನಿಯಲ್ಲಿ ಎರಡು ವರ್ಷ ನಾನು ಮಾಡಿದ್ದು ಎಕ್ಸೆಲ್ ಹಾಳೆಯಲ್ಲಿ ಗ್ರಾಹಕರ ದೂರುಗಳನ್ನು ಎಣಿಸುವ ಕೆಲಸ. ನಮ್ಮ ಬಾಗಲಗುಂಟೆಯಲ್ಲೂ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಗಳಲ್ಲಿ ಡಬ್ಬ ಕಟ್ಟುವವರಿದ್ದಾರೆ. ಓದಿದ್ದೊಂದು, ಮಾಡುವುದೊಂದು ಎಂಬ ಸಂಕಟ ಸಣ್ಣದಲ್ಲ.

ಮಾಸ್ತಿಯವರು ಆ ಕೆಲಸವನ್ನು ಬಿಟ್ಟೂ ಹೋಗಲಿಲ್ಲ, ಅದರಲ್ಲಿ ಮುಳುಗಿಯೂ ಹೋಗಲಿಲ್ಲ. 1920ರಲ್ಲಿ ಅವರ ಮೊದಲ ಕಥಾಸಂಕಲನ ‘ಕೆಲವು ಸಣ್ಣ ಕತೆಗಳು’ ಬಂತು. ಇಂಗ್ಲಿಷ್ ಓದಿದವರು ಕನ್ನಡದಲ್ಲಿ ಬರೆಯುವುದು ಅಪರೂಪವಾಗಿದ್ದ ಕಾಲ ಅದು. ಸರ್ಕಾರಿ ಅಧಿಕಾರಿಯಾಗಿದ್ದಾಗಲೇ 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸರ್ಕೀಟಿನಲ್ಲಿ ಕಂಡ ಹಳ್ಳಿಗಳೂ ಕೇಳಿದ ಮಾತುಗಳೂ ಅವರ ಕತೆಗಳ ಆ ನಿಧಾನದ, ಎದುರು ಕೂತು ಹೇಳಿದಂಥ ಧಾಟಿಗೆ ಒದಗಿ ಬಂದಿರಬೇಕೆಂದು ನನ್ನ ಊಹೆ.

1943ರಲ್ಲಿ ಪೆಟ್ಟು ಬಿತ್ತು. ಮಂತ್ರಿ ಪದವಿಗೆ ಸಮನಾದ ಹುದ್ದೆ ತಮಗೆ ಬರಬೇಕಾದಾಗ ಕಿರಿಯರೊಬ್ಬರಿಗೆ ಹೋಯಿತು. ಮಹಾರಾಜರಿಂದ ‘ರಾಜಸೇವಾಸಕ್ತ’ ಬಿರುದು ಪಡೆದಿದ್ದ ಅಧಿಕಾರಿ ರಾಜೀನಾಮೆ ಕೊಟ್ಟು ಹೊರಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ನಮ್ಮ ಕ್ಷೇತ್ರದಲ್ಲಿ ನಲವತ್ತಕ್ಕೇ ಭಯ ಶುರುವಾಗುತ್ತದೆ, ಇರಲಿ.

ಮುಂದಿನ ಎರಡು ದಶಕ ‘ಜೀವನ’ ಪತ್ರಿಕೆಯ ಸಂಪಾದಕರಾಗಿ ಹೊಸಬರ ಬರಹಗಳನ್ನು ತಿದ್ದಿ ಅಚ್ಚು ಹಾಕಿಸಿದರು. 1956ರಲ್ಲಿ ಕೊಡಗಿನ ಕೊನೆಯ ಅರಸನ ಮೇಲೆ ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂತು. ಓದಿಲ್ಲದವರು ಓದಿ. ಕೆಟ್ಟ ದೊರೆಯ ಕೈಕೆಳಗೆ ನಿಷ್ಠೆಯಿಂದಿರಬೇಕೋ, ನಾಡನ್ನು ಉಳಿಸಬೇಕೋ ಎಂದು ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ತೊಳಲಾಡುವುದನ್ನು ಅಷ್ಟು ಹತ್ತಿರದಿಂದ ಬರೆಯಲು ಇಂಗ್ಲಿಷ್ ಎಂ.ಎ. ಒಂದೇ ಸಾಕಾಗುತ್ತಿರಲಿಲ್ಲ. ಆಳುವವರ ಪಕ್ಕದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರ ಕಣ್ಣು ಅಲ್ಲಿದೆ.

ಆ ಕಾದಂಬರಿಗೆ 1983ರ ಜ್ಞಾನಪೀಠ ಸಂದಾಗ ಅವರಿಗೆ ತೊಂಬತ್ತು ದಾಟಿತ್ತು. 1986ರಲ್ಲಿ, ತಾವು ಹುಟ್ಟಿದ ಜೂನ್ 6ರಂದೇ ತೀರಿಕೊಂಡರು.